ದಕ್ಷಿಣ ಬೆಂಗಳೂರಿನ ವಾರ್ಷಿಕ ತಾಪಮಾನ

ದಕ್ಷಿಣ ಬೆಂಗಳೂರಿನ ವಾರ್ಷಿಕ ತಾಪಮಾನ ಎಂಬುದು ಬೆಂಗಳೂರು ನಗರದ ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆ ಮೊದಲಾದ ಪ್ರದೇಶಗಳಲ್ಲಿ ವರ್ಷವಿಡೀ ಕಂಡುಬರುವ ಉಷ್ಣತೆಯ ಏರಿಳಿತವನ್ನು ಸೂಚಿಸುತ್ತದೆ. ಈ ಪ್ರದೇಶವು ಉಷ್ಣವಲಯದೊಳಗೇ ಇದ್ದರೂ ಇಲ್ಲಿನ ಬೇಸಗೆ ಮಿತವಾದುದು, ಚಳಿಯೂ ಮಿತವಾದುದು. ಅತ್ಯಂತ ಬಿಸಿಯಾದ ಏಪ್ರಿಲ್ ತಿಂಗಳಿನ ಸರಾಸರಿಗೂ ಅತ್ಯಂತ ತಂಪಾದ ಡಿಸೆಂಬರ್–ಜನವರಿಯ ಸರಾಸರಿಗೂ ಇರುವ ಅಂತರ ಆರರಿಂದ ಏಳು ಡಿಗ್ರಿ ಸೆಲ್ಸಿಯಸ್ ಮಾತ್ರ. ದೆಹಲಿಯಲ್ಲಿ ಈ ಅಂತರ ಸುಮಾರು ಇಪ್ಪತ್ತು ಡಿಗ್ರಿ. ವರ್ಷದುದ್ದಕ್ಕೂ ಹೆಚ್ಚು ಬದಲಾಗದ ಇಂತಹ ಹವೆಯನ್ನು ಸಾಮಾನ್ಯವಾಗಿ ಸಮುದ್ರತೀರದ ಊರುಗಳಲ್ಲಿ, ಅದರಲ್ಲೂ ದ್ವೀಪಗಳಲ್ಲಿ ಕಾಣುತ್ತೇವೆ. ಎರಡು ಕಡಲುಗಳಿಂದಲೂ ಸುಮಾರು 300 ಕಿ.ಮೀ. ದೂರದಲ್ಲಿರುವ ಬೆಂಗಳೂರಿಗೆ ಈ ಗುಣ ಬಂದಿರುವುದು ಬೇರೆಯೇ ಕಾರಣಗಳಿಂದ. ಆ ಕಾರಣಗಳಲ್ಲಿ ಕೆಲವು ಮನುಷ್ಯನ ಕೈಗೆ ಎಟುಕದವು. ಇನ್ನು ಕೆಲವು ಆತನ ಕೈಯಿಂದಲೇ ಬದಲಾಗುತ್ತಿರುವಂಥವು.

ಭೌಗೋಳಿಕ ಹಿನ್ನೆಲೆ

ಜಯನಗರವು ಸುಮಾರು 12.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಪಶ್ಚಿಮದಲ್ಲಿ ಮಂಗಳೂರು, ಪೂರ್ವದಲ್ಲಿ ಚೆನ್ನೈ ಹೆಚ್ಚುಕಡಿಮೆ ಇದೇ ರೇಖೆಯ ಮೇಲಿವೆ. ಮೂರು ಊರುಗಳಿಗೂ ಸೂರ್ಯನಿಂದ ದೊರೆಯುವ ಪಾಲು ಬಹುತೇಕ ಒಂದೇ. ಆದರೆ ಮಂಗಳೂರು ಮತ್ತು ಚೆನ್ನೈ ಸಮುದ್ರಮಟ್ಟದಲ್ಲಿದ್ದರೆ ಬೆಂಗಳೂರು ಮೈಸೂರು ಪ್ರಸ್ಥಭೂಮಿಯ ಮೇಲೆ, ಸುಮಾರು 900 ಮೀಟರ್ ಎತ್ತರದಲ್ಲಿದೆ.

ವಾಯುಮಂಡಲದಲ್ಲಿ ಮೇಲೇರಿದಂತೆ ಪ್ರತಿ ಸಾವಿರ ಮೀಟರಿಗೆ ಸರಾಸರಿ 6.5 ಡಿಗ್ರಿಯಷ್ಟು ಉಷ್ಣತೆ ಇಳಿಯುತ್ತದೆ. ಈ ಲೆಕ್ಕದಂತೆ ಬೆಂಗಳೂರು ಕರಾವಳಿಗಿಂತ ಆರು ಡಿಗ್ರಿಯಷ್ಟು ತಂಪಾಗಿರಬೇಕು. ವಾಸ್ತವದಲ್ಲಿ ವಾರ್ಷಿಕ ಸರಾಸರಿಯ ವ್ಯತ್ಯಾಸ ಮೂರರಿಂದ ನಾಲ್ಕು ಡಿಗ್ರಿ ಮಾತ್ರ. ಪಠ್ಯಪುಸ್ತಕದ ಸೂತ್ರವನ್ನು ಹಾಗೆಯೇ ಅನ್ವಯಿಸುವ ವಿದ್ಯಾರ್ಥಿಗಳು ಇಲ್ಲಿ ಎಡವುವುದುಂಟು. ಸೂತ್ರವು ಹೇಳುವುದು ಬಯಲಿನಲ್ಲಿ ತೇಲುವ ಗಾಳಿಯ ವಿಚಾರವನ್ನು. ಪ್ರಸ್ಥಭೂಮಿಯಾದರೋ ವಿಶಾಲವಾದ ನೆಲ. ಅದು ಬಿಸಿಲನ್ನು ಹೀರಿ ತಾನೇ ಕಾಯುತ್ತದೆ ಮತ್ತು ತನ್ನ ಮೇಲಿನ ಗಾಳಿಯನ್ನೂ ಕಾಯಿಸುತ್ತದೆ. ಆದುದರಿಂದ ಎತ್ತರದ ಲಾಭ ಪೂರ್ಣವಾಗಿ ದಕ್ಕುವುದು ರಾತ್ರಿಯ ವೇಳೆಯಲ್ಲಿಯೇ ಹೊರತು ಮಧ್ಯಾಹ್ನದಲ್ಲಿ ಅಲ್ಲ.

ನಗರದ ದಕ್ಷಿಣ ಭಾಗವು ಎರಡು ನದೀ ಜಲಾನಯನಗಳ ನಡುವಿನ ದಿಬ್ಬದ ಮೇಲೆ ಹರಡಿಕೊಂಡಿದೆ. ಬನಶಂಕರಿಯ ಪಶ್ಚಿಮ ಭಾಗದ ನೀರು ವೃಷಭಾವತಿಯ ಮೂಲಕ ಅರ್ಕಾವತಿಯನ್ನೂ ಅಲ್ಲಿಂದ ಕಾವೇರಿಯನ್ನೂ ಸೇರುತ್ತದೆ. ಬಿ.ಟಿ.ಎಂ. ಬಡಾವಣೆಯ ಕಡೆಯ ನೀರು ಮಡಿವಾಳ, ಅಗರ, ಬೆಳ್ಳಂದೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಈ ಬಡಾವಣೆಗಳ ನಡುವೆ ಎತ್ತರದ ವ್ಯತ್ಯಾಸ ಕೆಲವು ಹತ್ತು ಮೀಟರುಗಳಷ್ಟೇ ಆದ್ದರಿಂದ ಅದರಿಂದ ಉಂಟಾಗುವ ತಾಪಮಾನದ ವ್ಯತ್ಯಾಸ ಅರ್ಧ ಡಿಗ್ರಿಯನ್ನೂ ಮುಟ್ಟದು. ಒಂದು ಬಡಾವಣೆ ಇನ್ನೊಂದಕ್ಕಿಂತ ಗಮನಾರ್ಹವಾಗಿ ಬಿಸಿಯಾಗಿದ್ದರೆ ಅದಕ್ಕೆ ಕಾರಣವನ್ನು ಭೂಮಿಯ ಎತ್ತರದಲ್ಲಿ ಹುಡುಕದೆ ಭೂಮಿಯ ಮೇಲೆ ಏನಿದೆ ಎಂಬುದರಲ್ಲಿ ಹುಡುಕಬೇಕಾಗುತ್ತದೆ.

ವರ್ಷದ ನಡೆ

ಕೆಳಗೆ ನೀಡಿರುವ ಅಂಕಿಗಳು ನಗರದ ಹವಾಮಾನ ವೀಕ್ಷಣಾಲಯದ ದೀರ್ಘಕಾಲದ ಸರಾಸರಿಗಳನ್ನು ಆಧರಿಸಿದವು. ಓದಿನ ಅನುಕೂಲಕ್ಕಾಗಿ ಅವನ್ನು ಸಮೀಪದ ಪೂರ್ಣ ಅಥವಾ ಅರ್ಧ ಡಿಗ್ರಿಗೆ ಹೊಂದಿಸಲಾಗಿದೆ.

ಜನವರಿಯಲ್ಲಿ ಹಗಲಿನ ಗರಿಷ್ಠ ತಾಪಮಾನ ಸುಮಾರು 28 ಡಿಗ್ರಿ, ರಾತ್ರಿಯ ಕನಿಷ್ಠ ಸುಮಾರು 16 ಡಿಗ್ರಿ. ಆಕಾಶ ನಿರ್ಮಲವಾಗಿರುವುದರಿಂದ ಹಗಲಿನಲ್ಲಿ ನೆಲ ಹೀರಿದ ಶಾಖವು ರಾತ್ರಿ ಬೇಗನೆ ಹೊರಟುಹೋಗುತ್ತದೆ. ಧನುರ್ಮಾಸದ ನಸುಕಿನಲ್ಲಿ ದೇವಾಲಯಗಳಿಗೆ ಹೋಗುವವರು ಶಾಲು ಹೊದೆಯುತ್ತಾರೆ. ಹತ್ತು ಗಂಟೆಯ ಹೊತ್ತಿಗೆ ಅದೇ ಶಾಲು ತೋಳಿನ ಮೇಲಿರುತ್ತದೆ. ಫೆಬ್ರವರಿಯಲ್ಲಿ ಗರಿಷ್ಠವು 31ಕ್ಕೆ ಜಿಗಿಯುತ್ತದೆ. ಶಿವರಾತ್ರಿಗೆ ಚಳಿ ಹೊರಟುಹೋಗುತ್ತದೆಂಬ ಜನರ ನಂಬಿಕೆಗೆ ಅಂಕಿ ಅಂಶಗಳ ಬೆಂಬಲ ಸಾಕಷ್ಟಿದೆ. ಫೆಬ್ರವರಿ ಮತ್ತು ಮಾರ್ಚ್ ತಿಂಗಳುಗಳಲ್ಲಿ ಹಗಲು ಇರುಳುಗಳ ಅಂತರ ಹದಿಮೂರು ಡಿಗ್ರಿಯಷ್ಟಿರುತ್ತದೆ. ಅಂದರೆ ಒಂದೇ ದಿನದೊಳಗಿನ ಏರಿಳಿತವು ಇಡೀ ವರ್ಷದ ಮಾಸಿಕ ಸರಾಸರಿಗಳ ಏರಿಳಿತಕ್ಕಿಂತ ಎರಡು ಪಟ್ಟು ದೊಡ್ಡದು. ಉಷ್ಣವಲಯದ ಪ್ರದೇಶಗಳಲ್ಲಿ ರಾತ್ರಿಯೇ ಚಳಿಗಾಲವೆಂದು ಭೂಗೋಳಶಾಸ್ತ್ರಜ್ಞರು ಹೇಳುವುದು ಈ ಅರ್ಥದಲ್ಲಿಯೇ.

ಮಾರ್ಚ್‌ನಲ್ಲಿ ಗರಿಷ್ಠ 33, ಏಪ್ರಿಲ್‌ನಲ್ಲಿ 34 ಡಿಗ್ರಿ. ಕನಿಷ್ಠವು ಕ್ರಮವಾಗಿ 20 ಮತ್ತು 22. ಬೆಂಗಳೂರಿನ ಬೇಸಗೆಯು ಉತ್ತರ ಭಾರತದಲ್ಲಿರುವಂತೆ ಮೇ–ಜೂನ್ ತಿಂಗಳಲ್ಲಿ ಶಿಖರವನ್ನು ಮುಟ್ಟದೆ ಏಪ್ರಿಲ್‌ನಲ್ಲಿಯೇ ಮುಟ್ಟುವುದಕ್ಕೆ ಖಗೋಳದ ಕಾರಣವಿದೆ. ಪ್ರತಿವರ್ಷ ಏಪ್ರಿಲ್ 24 ಅಥವಾ 25ರಂದು ಸೂರ್ಯನು ಇಲ್ಲಿ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಆ ದಿನ ಮಧ್ಯಾಹ್ನ 12 ಗಂಟೆ 17 ನಿಮಿಷದ ಸುಮಾರಿಗೆ ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳಿರುವುದಿಲ್ಲ. ಶಾಲಾ ಮಕ್ಕಳು ಸುಲಭವಾಗಿ ಮಾಡಿನೋಡಬಹುದಾದ ಪ್ರಯೋಗವಿದು. ಆಗಸ್ಟ್ 18ರ ಸುಮಾರಿಗೆ ಸೂರ್ಯನು ಮರಳಿ ದಕ್ಷಿಣಕ್ಕೆ ಸಾಗುವಾಗ ಎರಡನೆಯ ಬಾರಿ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಆದರೆ ಆಗ ಎರಡನೆಯ ಬೇಸಗೆ ಬರುವುದಿಲ್ಲ, ಏಕೆಂದರೆ ಆಕಾಶದ ತುಂಬ ನೈಋತ್ಯ ಮುಂಗಾರಿನ ಮೋಡಗಳಿರುತ್ತವೆ.

ಏಪ್ರಿಲ್ ಕೊನೆಯಿಂದ ಬೀಳುವ ಸಿಡಿಲು–ಗುಡುಗಿನ ಮಳೆಯು ಈ ಊರಿನ ಬೇಸಗೆಯನ್ನು ಸೀಳುವ ಮೊದಲ ಶಕ್ತಿ. ರೈತರ ಪಂಚಾಂಗದಲ್ಲಿ ಏಪ್ರಿಲ್ 27ರ ಸುಮಾರಿಗೆ ಭರಣಿ ಮಳೆಯೂ ಮೇ 11ರ ಸುಮಾರಿಗೆ ಕೃತ್ತಿಕೆಯೂ ಮೇ 25ರ ಸುಮಾರಿಗೆ ರೋಹಿಣಿಯೂ ಹುಟ್ಟುತ್ತವೆ. ಮಧ್ಯಾಹ್ನ ಕಾದ ನೆಲದಿಂದ ಮೇಲೆದ್ದ ಗಾಳಿ ಮೋಡವಾಗಿ, ಸಂಜೆ ಸುರಿದು, ಗಂಟೆಯೊಳಗೆ ಹವೆಯನ್ನು ಹಲವು ಡಿಗ್ರಿಗಳಷ್ಟು ತಣಿಸುತ್ತದೆ. ಬೆಂಗಳೂರಿನ ಬೇಸಗೆ ಸಹ್ಯವೆನಿಸುವುದು ಬಿಸಿಲು ಕಡಿಮೆ ಎಂಬ ಕಾರಣದಿಂದಲ್ಲ, ಈ ಸಂಜೆಯ ಮಳೆಯಿಂದ. ಆ ಮಳೆ ತಪ್ಪಿದ ವರ್ಷಗಳಲ್ಲಿ ಏನಾಗುತ್ತದೆಂಬುದಕ್ಕೆ 2024ರ ಉದಾಹರಣೆಯನ್ನು ಮುಂದೆ ನೋಡಬಹುದು.

ಜೂನ್‌ನಲ್ಲಿ ಗರಿಷ್ಠವು ಒಮ್ಮೆಲೇ 29.5ಕ್ಕೂ ಜುಲೈ, ಆಗಸ್ಟ್‌ಗಳಲ್ಲಿ 28ಕ್ಕೂ ಇಳಿಯುತ್ತದೆ. ಕನಿಷ್ಠ 20ರ ಆಸುಪಾಸಿನಲ್ಲಿ ಸ್ಥಿರವಾಗಿರುತ್ತದೆ. ಮುಂಗಾರಿನ ಮಳೆಯ ಬಹುಪಾಲನ್ನು ಪಶ್ಚಿಮ ಘಟ್ಟಗಳು ತಡೆದಿಟ್ಟುಕೊಳ್ಳುವುದರಿಂದ ಬೆಂಗಳೂರಿಗೆ ಸಿಗುವುದು ಹೆಚ್ಚಾಗಿ ಮೋಡ, ಬಿರುಗಾಳಿ ಮತ್ತು ತುಂತುರು. ಹಗಲಿನಲ್ಲಿ ಕೊಡೆಯಂತೆಯೂ ರಾತ್ರಿಯಲ್ಲಿ ಕಂಬಳಿಯಂತೆಯೂ ಕೆಲಸಮಾಡುವ ಈ ಮೋಡಗಳ ದೆಸೆಯಿಂದ ಹಗಲಿರುಳುಗಳ ಅಂತರ ಎಂಟು ಡಿಗ್ರಿಗೆ ಕುಗ್ಗುತ್ತದೆ. ಸೆಪ್ಟೆಂಬರ್ ಸಾಮಾನ್ಯವಾಗಿ ಅತಿ ಹೆಚ್ಚು ಮಳೆಯ ತಿಂಗಳು, ಅಕ್ಟೋಬರ್ ಅದರ ಹಿಂದೆಯೇ ಇದೆ. ಈ ಎರಡು ತಿಂಗಳ ತಾಪಮಾನದ ಬಗ್ಗೆ ಹೇಳಬೇಕಾದ ವಿಶೇಷವಿಲ್ಲ.

ನವೆಂಬರ್‌ನಲ್ಲಿ ಕನಿಷ್ಠವು 18ಕ್ಕೆ, ಡಿಸೆಂಬರ್‌ನಲ್ಲಿ 16ಕ್ಕೆ ಬರುತ್ತದೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನಡೆಯುವ ಕಡಲೆಕಾಯಿ ಪರಿಷೆಯನ್ನು ದಕ್ಷಿಣ ಬೆಂಗಳೂರಿನವರು ಚಳಿಗಾಲದ ಬಾಗಿಲೆಂದು ಭಾವಿಸುವುದು ವಾಡಿಕೆ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಾಗ ಈ ಋತುವಿನ ಸ್ವರೂಪವೇ ಬದಲಾಗುತ್ತದೆ. ದಿನವಿಡೀ ಮೋಡ ಕವಿದು, ಗರಿಷ್ಠ ತಾಪಮಾನವೇ ತೀರ ಕೆಳಗೆ ಉಳಿಯುತ್ತದೆ; 2022ರ ಡಿಸೆಂಬರ್‌ನಲ್ಲಿ ಮಾಂಡೌಸ್ ಚಂಡಮಾರುತವು ತಮಿಳುನಾಡಿನ ಕರಾವಳಿಯನ್ನು ದಾಟಿದಾಗ ಬೆಂಗಳೂರಿನಲ್ಲಿ ಹೀಗಾಗಿತ್ತು. ಅಂತಹ ದಿನಗಳಲ್ಲಿ ಜನರಿಗೆ ತೀವ್ರ ಚಳಿಯ ಅನುಭವವಾಗುತ್ತದೆ, ಆದರೆ ಕನಿಷ್ಠ ತಾಪಮಾನದ ದಾಖಲೆಗಳು ಏರ್ಪಡುವುದು ನಿರ್ಮಲ ಆಕಾಶದ ಜನವರಿ ರಾತ್ರಿಗಳಲ್ಲಿಯೇ.

ಕರಾವಳಿ ಮತ್ತು ದ್ವೀಪದ ಊರುಗಳೊಡನೆ ಹೋಲಿಕೆ

ಅಂಡಮಾನಿನ ಪೋರ್ಟ್ ಬ್ಲೇರ್ (2024ರಿಂದ ಶ್ರೀ ವಿಜಯಪುರಂ) ಉಷ್ಣವಲಯದ ದ್ವೀಪ ಪಟ್ಟಣಕ್ಕೆ ಉತ್ತಮ ನಿದರ್ಶನ. ಅಲ್ಲಿ ವರ್ಷದ ಯಾವುದೇ ತಿಂಗಳಲ್ಲಿ ಗರಿಷ್ಠವು ಸುಮಾರು 29ರಿಂದ 32 ಡಿಗ್ರಿಗಳ ನಡುವೆ, ಕನಿಷ್ಠವು ಸುಮಾರು 23ರಿಂದ 26ರ ನಡುವೆ ಇರುತ್ತದೆ. ಕ್ಯಾಲೆಂಡರ್ ಇಲ್ಲದವನಿಗೆ ಉಷ್ಣಮಾಪಕವನ್ನು ನೋಡಿ ತಿಂಗಳನ್ನು ಹೇಳಲು ಅಲ್ಲಿ ಸಾಧ್ಯವಾಗದು. ನೀರು ನೆಲಕ್ಕಿಂತ ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ಸುತ್ತಲೂ ಇರುವ ಕಡಲು ಹಗಲಿನ ಶಾಖವನ್ನು ನುಂಗಿ ರಾತ್ರಿ ಸ್ವಲ್ಪಸ್ವಲ್ಪವಾಗಿ ಹಿಂದಿರುಗಿಸುತ್ತದೆ.

ಮಂಗಳೂರಿನದು ಇದೇ ಜಾತಿಯ ಹವೆ, ಆದರೆ ಒಂದು ವಿಶೇಷವಿದೆ. ಅಲ್ಲಿ ಹಗಲು ಅತ್ಯಂತ ತಂಪಾಗಿರುವುದು ಜನವರಿಯಲ್ಲಿ ಅಲ್ಲ, ಜುಲೈ–ಆಗಸ್ಟ್‌ನಲ್ಲಿ. ಜನವರಿಯ ಮಧ್ಯಾಹ್ನದಲ್ಲಿ 32–33 ಡಿಗ್ರಿಯಿರುವ ಊರು ಜಡಿಮಳೆಯ ಜುಲೈನಲ್ಲಿ 29ಕ್ಕೆ ಇಳಿಯುತ್ತದೆ. ಕರಾವಳಿಯವರ ಪಾಲಿಗೆ ಮಳೆಗಾಲವೇ ತಂಪಿನ ಕಾಲ. ಬೆಂಗಳೂರಿನಲ್ಲಿ ಮಳೆಗಾಲ ಮತ್ತು ಚಳಿಗಾಲ ಎರಡರ ಹಗಲೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿವೆ. ವ್ಯತ್ಯಾಸವಿರುವುದು ರಾತ್ರಿಗಳಲ್ಲಿ.

ಉಷ್ಣಮಾಪಕದ ಅಂಕಿ ಒಂದೇ ಆದರೂ ದೇಹಕ್ಕೆ ಆಗುವ ಅನುಭವ ಬೇರೆ. ಮಾರ್ಚ್ ತಿಂಗಳಲ್ಲಿ ಮಂಗಳೂರು ಮತ್ತು ಜಯನಗರ ಎರಡೂ ಕಡೆ 33 ಡಿಗ್ರಿ ಇರುವ ಮಧ್ಯಾಹ್ನಗಳು ಸಾಮಾನ್ಯ. ಕಡಲ ತೀರದ ತೇವಭರಿತ ಗಾಳಿಯಲ್ಲಿ ಬೆವರು ಆರುವುದಿಲ್ಲ. ಪ್ರಸ್ಥಭೂಮಿಯ ಒಣಗಾಳಿಯಲ್ಲಿ ಅದು ಕ್ಷಣದಲ್ಲಿ ಆರಿ ಮೈಯನ್ನು ತಣಿಸುತ್ತದೆ. ಬೆಂಗಳೂರಿನಲ್ಲಿ ಮರದ ನೆರಳಿಗೆ ಬಂದೊಡನೆ ಹಾಯೆನಿಸುವುದೂ ಮಂಗಳೂರಿನಲ್ಲಿ ನೆರಳಿನಲ್ಲಿಯೂ ಬೆವರು ನಿಲ್ಲದಿರುವುದೂ ಇದರಿಂದಲೇ. ಹೀಗಾಗಿ ಬೆಂಗಳೂರಿನಲ್ಲಿ ನೆರಳಿಗೆ ಇರುವ ಬೆಲೆ ಕರಾವಳಿಗಿಂತ ಹೆಚ್ಚು.

ಅಳತೆ ಮತ್ತು ದಾಖಲೆಗಳು

ದಿನಪತ್ರಿಕೆಗಳಲ್ಲಿ ‘ಬೆಂಗಳೂರು ನಗರ’ ಎಂದು ಪ್ರಕಟವಾಗುವ ತಾಪಮಾನವು ಅರಮನೆ ರಸ್ತೆಯಲ್ಲಿರುವ ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯದ್ದು. ಎಚ್.ಎ.ಎಲ್. ವಿಮಾನ ನಿಲ್ದಾಣ ಮತ್ತು ದೇವನಹಳ್ಳಿಯ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳಲ್ಲಿಯೂ ಇಲಾಖೆಯ ಕೇಂದ್ರಗಳಿವೆ. ಈ ಮೂರರಲ್ಲಿ ಯಾವುದೂ ಜಯನಗರದಲ್ಲಿಯಾಗಲಿ ಬನಶಂಕರಿಯಲ್ಲಿಯಾಗಲಿ ಇಲ್ಲವೆಂಬುದನ್ನು ಓದುಗರು ನೆನಪಿಡಬೇಕು. ವೀಕ್ಷಣಾಲಯದ ಉಷ್ಣಮಾಪಕಗಳನ್ನು ಹುಲ್ಲುನೆಲದ ಮೇಲೆ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ ಇಡಲಾಗುತ್ತದೆ. ಇದಕ್ಕೆ ಸ್ಟೀವನ್‌ಸನ್ ಪೆಟ್ಟಿಗೆಯೆಂದು ಹೆಸರು. ಅದು ಅಳೆಯುವುದು ನೆರಳಿನಲ್ಲಿರುವ ಗಾಳಿಯ ಉಷ್ಣತೆಯನ್ನು. ಡಾಂಬರಿನ ಮೇಲೆ ನಿಂತವನಿಗೆ, ತಗಡಿನ ಮಾಡಿನ ಕೆಳಗೆ ಕುಳಿತವನಿಗೆ ಆಗುವ ಅನುಭವ ಆ ಅಂಕಿಯಲ್ಲಿ ಸೇರಿರುವುದಿಲ್ಲ.

ನಗರದಲ್ಲಿ ದಾಖಲಾದ ಕನಿಷ್ಠ ತಾಪಮಾನ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಗರಿಷ್ಠ 39.2 ಡಿಗ್ರಿ, 2016ರ ಏಪ್ರಿಲ್ 24ರಂದು. ಅದು ಸೂರ್ಯನು ನೆತ್ತಿಯ ಮೇಲೆ ಬರುವ ದಿನವೇ ಆಗಿದ್ದುದು ಆಕಸ್ಮಿಕವಾದರೂ ಸ್ವಾರಸ್ಯಕರ. 2024ರ ಏಪ್ರಿಲ್ 28ರಂದು 38.5 ಡಿಗ್ರಿ ದಾಖಲಾಯಿತು. ಹಿಂದಿನ ವರ್ಷದ ಮುಂಗಾರು ಕೈಕೊಟ್ಟು, ಕೊಳವೆಬಾವಿಗಳು ಬತ್ತಿ, ನಗರದ ಹಲವೆಡೆ ನೀರಿಗೆ ಹಾಹಾಕಾರವೆದ್ದಿದ್ದ ಆ ಬೇಸಗೆಯಲ್ಲಿ ಏಪ್ರಿಲ್ ತಿಂಗಳು ಹೆಚ್ಚುಕಡಿಮೆ ಮಳೆಯಿಲ್ಲದೆಯೇ ಕಳೆಯಿತು. ಸಂಜೆಯ ಮಳೆ ಬಾರದೆ ಶಾಖವು ದಿನದಿಂದ ದಿನಕ್ಕೆ ಸೇರುತ್ತ ಹೋಯಿತು. ಮೇ ತಿಂಗಳಲ್ಲಿ ಮಳೆ ಮರಳಿತು. ಜೂನ್ 2ರಂದು ಒಂದೇ ದಿನ 111 ಮಿ.ಮೀ. ಸುರಿಯಿತು.

ಹವಾಮಾನ ಇಲಾಖೆಯು ಬಯಲುಸೀಮೆಯಲ್ಲಿ ಬಿಸಿಗಾಳಿಯನ್ನು ಘೋಷಿಸಲು ಗರಿಷ್ಠ ತಾಪಮಾನ ಕನಿಷ್ಠಪಕ್ಷ 40 ಡಿಗ್ರಿಯನ್ನು ಮುಟ್ಟಿರಬೇಕೆಂಬ ಮಾನದಂಡವನ್ನು ಅನುಸರಿಸುತ್ತದೆ. ನಗರ ವೀಕ್ಷಣಾಲಯದ ದಾಖಲೆ ಇಂದಿಗೂ ಆ ಗೆರೆಯ ಕೆಳಗೇ ಇದೆ. ಆದರೆ 28 ಡಿಗ್ರಿಯ ಹಗಲಿಗೆ ಒಗ್ಗಿಹೋದ ದೇಹಕ್ಕೆ, ಫ್ಯಾನ್ ಕೂಡ ಬೇಡವೆಂದು ಕಟ್ಟಿದ ಮನೆಗೆ, 38 ಡಿಗ್ರಿಯೆಂಬುದು ಕಲಬುರಗಿಯ 42ಕ್ಕಿಂತ ಸುಲಭವೆಂದು ಭಾವಿಸಲಾಗದು.

ನೆರಳು, ಕೆರೆ ಮತ್ತು ಕಾಂಕ್ರೀಟು

ಜಯನಗರವು 1948ರಲ್ಲಿ ರೂಪುತಳೆದ ಯೋಜಿತ ಬಡಾವಣೆ. ಅಗಲವಾದ ರಸ್ತೆಗಳು, ಅವುಗಳ ಇಕ್ಕೆಲಗಳಲ್ಲಿ ಸಾಲುಮರಗಳು, ಮನೆಯ ಸುತ್ತ ಒಂದಿಷ್ಟು ಮಣ್ಣಿನ ನೆಲ — ಇವು ಅದರ ಲಕ್ಷಣಗಳಾಗಿದ್ದವು. ಬೆಂಗಳೂರಿನ ಬೀದಿಗಳಲ್ಲಿ ಒಂದರ ನಂತರ ಒಂದರಂತೆ ವರ್ಷವಿಡೀ ಹೂಬಿಡುವ ಮರಗಳನ್ನು ನೆಡುವ ಪದ್ಧತಿಯನ್ನು ಲಾಲ್‌ಬಾಗ್‌ನ ಮೇಲ್ವಿಚಾರಕರಾಗಿದ್ದ ಜರ್ಮನ್ ಸಸ್ಯತಜ್ಞ ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಬೆಳೆಸಿದರು. ಮಳೆಮರ, ಗುಲ್‌ಮೊಹರ್, ಹೊಂಗೆ, ಜಕರಂಡ, ಟಬೇಬುಯಾಗಳನ್ನು ಇಂದಿಗೂ ಇಲ್ಲಿನ ರಸ್ತೆಗಳಲ್ಲಿ ಕಾಣಬಹುದು.

ಇವು ಕೇವಲ ಅಲಂಕಾರಕ್ಕಲ್ಲ. ಬೆಂಗಳೂರಿನ ಬೀದಿಮರಗಳನ್ನು ಕುರಿತು ಹರಿಣಿ ನಾಗೇಂದ್ರ ಮತ್ತು ಸಹಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರವಿರುವ ಮತ್ತು ಮರವಿಲ್ಲದ ರಸ್ತೆಭಾಗಗಳನ್ನು ಹೋಲಿಸಿ ಅಳೆದಾಗ ನೆರಳಿನಲ್ಲಿ ಗಾಳಿಯ ಉಷ್ಣತೆಯು ಗರಿಷ್ಠ 5.6 ಡಿಗ್ರಿಯಷ್ಟೂ ರಸ್ತೆಯ ಮೇಲ್ಮೈ ಉಷ್ಣತೆಯು ಗರಿಷ್ಠ 27.5 ಡಿಗ್ರಿಯಷ್ಟೂ ಕಡಿಮೆಯಿದ್ದುದು ಕಂಡುಬಂತು. ಮೊದಲನೆಯ ಅಂಕಿಯನ್ನು ಈ ಲೇಖನದ ಆರಂಭದ ಅಂಕಿಯೊಡನೆ ಇಟ್ಟು ನೋಡಬೇಕು. ಏಪ್ರಿಲ್‌ಗೂ ಜನವರಿಗೂ ಇರುವ ಸರಾಸರಿ ಅಂತರ ಆರೇಳು ಡಿಗ್ರಿ. ಒಂದು ದೊಡ್ಡ ಮರದ ಕೆಳಗೂ ಅದರಾಚೆಗೂ ಇರಬಹುದಾದ ಅಂತರ ಐದೂವರೆ. ರಸ್ತೆ ಅಗಲೀಕರಣಕ್ಕೆಂದು ಒಂದು ಸಾಲುಮರ ಉರುಳಿದರೆ ಆ ಬೀದಿಯ ಪಾದಚಾರಿಯು ಮಧ್ಯಾಹ್ನದ ಹೊತ್ತು ಕಳೆದುಕೊಳ್ಳುವುದು ಹೆಚ್ಚುಕಡಿಮೆ ಒಂದು ಋತುವನ್ನು.

ಕೆರೆಗಳ ವಿಚಾರವೂ ಹೀಗೆಯೇ. ಬಿ.ಟಿ.ಎಂ. ಎಂಬ ಸಂಕ್ಷಿಪ್ತ ನಾಮವು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲ ಅಕ್ಷರಗಳಿಂದ ಆದುದು; ನಡುವಿನ ಹೆಸರೇ ಕೆರೆಯದು. ಮಡಿವಾಳದ ಕೆರೆ ಉಳಿದುಕೊಂಡಿದೆ. ಜೆ.ಪಿ. ನಗರದ ಕಡೆ ಸಾರಕ್ಕಿ ಕೆರೆಯ ಒತ್ತುವರಿಯನ್ನು 2015ರಲ್ಲಿ ತೆರವುಗೊಳಿಸಲಾಯಿತು. ಪುಟ್ಟೇನಹಳ್ಳಿ ಕೆರೆಯನ್ನು ಸ್ಥಳೀಯ ನಾಗರಿಕರು ಸಂಘಟಿತರಾಗಿ ಉಳಿಸಿಕೊಂಡರು. ಕೆರೆಯ ನೀರು ಆವಿಯಾಗುವಾಗ ಸುತ್ತಲಿನ ಶಾಖವನ್ನು ಬಳಸಿಕೊಳ್ಳುತ್ತದೆ. ಕಡಲು ದ್ವೀಪಕ್ಕೆ ಮಾಡುವ ಉಪಕಾರವನ್ನು ಕೆರೆಯು ತನ್ನ ಅಂಚಿನ ನಾಲ್ಕಾರು ಬೀದಿಗಳಿಗೆ ಚಿಕ್ಕ ಪ್ರಮಾಣದಲ್ಲಿ ಮಾಡುತ್ತದೆ. ದಕ್ಷಿಣದಂಚಿನ ತುರಹಳ್ಳಿ ಅರಣ್ಯ, ಜೆ.ಪಿ. ನಗರದ ದೊರೆಸಾನಿಪಾಳ್ಯದ ಅರಣ್ಯಗಳದೂ ಇದೇ ಪಾತ್ರ.

ಇದಕ್ಕೆ ವಿರುದ್ಧವಾದ ಕ್ರಿಯೆಯನ್ನು ವಿಜ್ಞಾನಿಗಳು ‘ನಗರ ಉಷ್ಣದ್ವೀಪ’ ಎಂದು ಕರೆಯುತ್ತಾರೆ. ಇಲ್ಲಿ ದ್ವೀಪವೆಂದರೆ ನೀರಿನ ನಡುವಣ ನೆಲವಲ್ಲ. ತಂಪಾದ ಹಳ್ಳಿಗಾಡಿನ ನಡುವೆ ಬಿಸಿಯಾಗಿ ಉಳಿದ ನಗರಭಾಗ. ಕಾಂಕ್ರೀಟು, ಡಾಂಬರುಗಳು ಹಗಲೆಲ್ಲ ಶಾಖವನ್ನು ಕೂಡಿಟ್ಟುಕೊಂಡು ಸೂರ್ಯಾಸ್ತದ ನಂತರ ಬಿಡುಗಡೆ ಮಾಡುತ್ತವೆ. ಒತ್ತೊತ್ತಾಗಿ ನಿಂತ ಎತ್ತರದ ಕಟ್ಟಡಗಳು ಆ ಶಾಖ ಆಕಾಶಕ್ಕೆ ಹೋಗದಂತೆ ತಡೆಯುತ್ತವೆ. ವಾಹನಗಳೂ ಹವಾನಿಯಂತ್ರಕಗಳೂ ತಮ್ಮ ಪಾಲನ್ನು ಸೇರಿಸುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳ ಆಧಾರದಿಂದ ನಡೆಸಿದ ಅಧ್ಯಯನಗಳ ಪ್ರಕಾರ, 1973ರಲ್ಲಿ ನಗರ ಪ್ರದೇಶದ ಸುಮಾರು ಶೇ. 8ರಷ್ಟಿದ್ದ ಕಟ್ಟಿದ ನೆಲವು ನಾಲ್ಕು ದಶಕಗಳ ಬಳಿಕ ಸುಮಾರು ಮುಕ್ಕಾಲು ಭಾಗವಾಗಿದೆ.

ಉಷ್ಣದ್ವೀಪದ ಪರಿಣಾಮವು ಗರಿಷ್ಠ ತಾಪಮಾನಕ್ಕಿಂತ ಕನಿಷ್ಠ ತಾಪಮಾನದಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ. ಎತ್ತರದಿಂದ ಈ ಊರಿಗೆ ದಕ್ಕಿದ ಮುಖ್ಯ ವರವೇ ತಂಪಾದ ರಾತ್ರಿಯೆಂಬುದನ್ನು ಹಿಂದೆ ನೋಡಿದೆವು. ಸಮುದ್ರತೀರದಲ್ಲಿ ರಾತ್ರಿಯನ್ನು ಬೆಚ್ಚಗಿಡುವ ಕೆಲಸವನ್ನು ಕಡಲು ಮಾಡುತ್ತದೆ, ಆದರೆ ಸಂಜೆಗೆ ತಂಗಾಳಿಯನ್ನೂ ಕೊಡುತ್ತದೆ. ಇಲ್ಲಿ ಅದೇ ಕೆಲಸವನ್ನು ಕಾಂಕ್ರೀಟು ಮಾಡುತ್ತಿದೆ, ತಂಗಾಳಿಯಿಲ್ಲದೆ. ಇದರ ಭಾರವೂ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ. ಮಳೆಮರದ ಕೆಳಗಿರುವ ಹಳೆಯ ಮನೆಯಲ್ಲಿ ಕೆಂಪು ನೆಲದ ಮೇಲೆ ಮಲಗುವವರಿಗೂ, ಅದೇ ವಾರ್ಡಿನ ಶೀಟು ಹೊದಿಸಿದ ಒಂದು ಕೋಣೆಯಲ್ಲಿ ಐವರು ಮಲಗುವ ಕುಟುಂಬಕ್ಕೂ, ಪತ್ರಿಕೆಯಲ್ಲಿ ಅಚ್ಚಾಗುವ ಕನಿಷ್ಠ ತಾಪಮಾನ 22 ಡಿಗ್ರಿಯೇ.